ಕಿಸುಮುವಿನಲ್ಲಿ ಸಂತೆ ಮಾಡುವವರಿಗೆ

ಕೆನ್ಯಾದ ಕಿಸುಮುವಿಗೆ ಕೆಲಸದ ಮೇಲೆ ಬರುತ್ತಿರುವ ಕನ್ನಡಿಗರು ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು ತುಂಬಿಕೊಂಡು ಬರುವ ಅಗತ್ಯವಿಲ್ಲ. ರಾಗಿಗೆ ಪೂರ್ವ ಆಫ್ರಿಕಾದ ಎತ್ತರದ ನೆಲವೇ ತವರು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂದದ್ದು ಇಲ್ಲಿಂದಲೇ. ಸ್ವಾಹಿಲಿಯಲ್ಲಿ ಅದರ ಹೆಸರು ವಿಂಬಿ.

ವಿಕ್ಟೋರಿಯಾ ಸರೋವರದ ದಡದ ಈ ಊರಿನಲ್ಲಿ ದೊಡ್ಡ ಸಂತೆಯೆಂದರೆ ಕಿಬುಯೆ. ವಾರವಿಡೀ ವ್ಯಾಪಾರವಿದ್ದರೂ ಭಾನುವಾರವೇ ಜೋರು. ಕಾಳನ್ನು ತೂಕ ಮಾಡಿ ಕೊಡುವುದಕ್ಕಿಂತ ಗೋರೋಗೋರೋ ಎಂಬ ತಗಡಿನ ಡಬ್ಬಿಯಲ್ಲಿ ಅಳೆದು ಕೊಡುವುದೇ ಹೆಚ್ಚು. ನಮ್ಮ ಸೇರಿನ ಹಾಗೆ ಅದು. ಒಂದಕ್ಕೆ ಸುಮಾರು 2 ಕೆ.ಜಿ. ಹಿಡಿಯುತ್ತದೆ. ಅಳೆಯುವ ಮುನ್ನ ಡಬ್ಬಿಯ ತಳವನ್ನೊಮ್ಮೆ ನೋಡಿ: ಒಳಕ್ಕೆ ಉಬ್ಬಿದ್ದರೆ ಅಳತೆ ಅಷ್ಟು ಕಡಿಮೆ. ಅಳೆದಾದ ಮೇಲೆ "ಓಂಗೇಜಾ ಕಿಡೋಗೋ" ಎಂದು ಕೇಳಿ, ಅಂದರೆ ಇನ್ನಷ್ಟು ಹಾಕಿ ಎಂದು. ಒಂದು ಹಿಡಿ ಮೇಲೆ ಬೀಳುತ್ತದೆ. ನಮ್ಮ ಕೊಸರಿಗೆ ಇಲ್ಲಿ ನ್ಯೊಂಗೇಜಾ ಎನ್ನುತ್ತಾರೆ.

ಪೊಟ್ಟಣದಲ್ಲಿ ಸಿಗುವ ಗಂಜಿ ಹಿಟ್ಟಿನಲ್ಲಿ ಜೋಳ, ಮರಗೆಣಸು ಬೆರೆತಿರುವುದುಂಟು. ಅದರಲ್ಲಿ ನಮ್ಮ ಮುದ್ದೆಯ ಹದ ಬರುವುದಿಲ್ಲ. ಕಾಳನ್ನೇ ಕೊಂಡು, ಕೇರಿ, ತೊಳೆದು, ಬಿಸಿಲಿಗೆ ಹರವಿ, ಬೀದಿಯ ಪೋಶೋ ಮಿಲ್‌ಗೆ ಒಯ್ಯಿರಿ. ಅಲ್ಲಿ ದಿನವಿಡೀ ಬೀಸುವುದು ಮೆಕ್ಕೆಜೋಳ. ಗಿರಣಿಯೊಳಗೆ ಉಳಿದ ಜೋಳದ ಹಿಟ್ಟು ಮೊದಲು ಹೊರಬರುತ್ತದೆ, ಹಾಗಾಗಿ ಮೊದಲ ಒಂದೆರಡು ಬೊಗಸೆಯನ್ನು ಬೇರೆ ತೆಗೆದಿಡಿ. ಆಮೇಲೆ ಬರುವ ಬಿಸಿ ಹಿಟ್ಟಿನ ವಾಸನೆಯೇ ಸಾಕು, ಎದೆ ತುಂಬಿ ಬರುತ್ತದೆ.

ತೊಗರಿ ಇಲ್ಲಿ ಎಂಬಾಜಿ, ಹೆಸರುಕಾಳು ಎನ್‌ಡೆಂಗು, ಬಿಳಿಜೋಳ ಎಂಟಾಮಾ, ಕೊತ್ತಂಬರಿ ದಾನಿಯಾ. ಸೊಪ್ಪಿಗಂತೂ ಬರವಿಲ್ಲ. ಕುಂಡೆ ಎಂದರೆ ಅಲಸಂದೆ ಸೊಪ್ಪು. ಈ ಸೀಮೆಯ ಲುವೋ ಜನರು ಓಸುಗಾ ಎನ್ನುವುದು ನಮ್ಮ ಗಣಿಕೆ ಸೊಪ್ಪಿನ ಜಾತಿಯದೇ. ಬಸ್ಸಾರಿಗೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸುಕುಮಾ ವಿಕಿ ಎಂಬ, ಎಲೆಕೋಸಿನ ಜಾತಿಯ ಸೊಪ್ಪು ಕೊಂಡರೆ ಮಾರುವಾಕೆಯೇ ಹೆಚ್ಚಿಕೊಡುತ್ತಾಳೆ. ಮಣೆಯಿಲ್ಲ, ಈಳಿಗೆಯಿಲ್ಲ. ಎಡಗೈಯಲ್ಲಿ ಎಲೆಗಳನ್ನು ಬಿಗಿಯಾಗಿ ಸುತ್ತಿ ಹಿಡಿದು ಬಲಗೈಯ ಚಾಕುವಿನಿಂದ ನೂಲಿನಂತೆ ಸಣ್ಣಗೆ ಕತ್ತರಿಸುತ್ತಾಳೆ. ಆಕೆಯನ್ನು "ಮಾಮಾ" ಎಂದು ಕರೆಯಿರಿ. ನಮ್ಮ ಕಿವಿಗೆ ಸೋದರಮಾವ ಎಂದು ಕೇಳಿದರೂ ಇಲ್ಲಿ ಅದು ತಾಯಿ. ಮೊದಲು ಕ್ಷೇಮ ಕೇಳಿ, ಆಮೇಲೆ ಬೆಲೆ ಕೇಳಿ. ನೇರವಾಗಿ ಬೆಲೆಗೆ ಇಳಿಯುವುದು ಇಲ್ಲಿ ಒರಟುತನ.

ಹಣ ಕೊಡಲು ಎಂ-ಪೆಸಾ ಸಾಕು. 2007ರಲ್ಲಿ ಆರಂಭವಾದ ಈ ಮೊಬೈಲ್ ಹಣದ ವ್ಯವಸ್ಥೆ ಸೊಪ್ಪಿನ ಗುಡ್ಡೆಯವರೆಗೂ ತಲುಪಿದೆ. ಬಟ್ಟೆಯ ಚೀಲ ಮರೆಯಬೇಡಿ: 2017ರಿಂದ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ. "ಸಾ ಮೋಜಾ"ಕ್ಕೆ, ಅಂದರೆ ಒಂದು ಗಂಟೆಗೆ, ಬನ್ನಿ ಎಂದರೆ ಬೆಳಿಗ್ಗೆ ಏಳಕ್ಕೆ ಹೋಗಿ. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ.

ಮೀನು ತಿನ್ನುವವರು ಓಮೆನಾ ಹುಡುಕಿ. ರಾತ್ರಿ ಸರೋವರದಲ್ಲಿ ದೀಪ ಹಚ್ಚಿ ಹಿಡಿಯುವ, ದಡದಲ್ಲಿ ಹರವಿ ಒಣಗಿಸುವ ಬೆಳ್ಳಿ ಬಣ್ಣದ ಸಣ್ಣ ಮೀನು ಅದು. ಕರಾವಳಿಯವರಿಗೆ ಒಣಮೀನಿನ ಚಟ್ನಿ ನೆನಪಾಗದೆ ಇರದು.

ಇಲ್ಲಿಯೇ ಜಮೀನು ಕೊಳ್ಳೋಣವೆಂದು ಹಲವರಿಗೆ ಅನ್ನಿಸುತ್ತದೆ. 2010ರ ಸಂವಿಧಾನದ ಪ್ರಕಾರ ವಿದೇಶಿಯರು ಭೂಮಿಯನ್ನು ಗುತ್ತಿಗೆಯಲ್ಲಿ ಮಾತ್ರ ಹೊಂದಬಹುದು, ಅದೂ 99 ವರ್ಷ ಮೀರುವಂತಿಲ್ಲ. ಕೃಷಿ ಭೂಮಿಯ ನಿಯಮ ಇನ್ನೂ ಬಿಗಿ. ಯಾರದೋ ಹೆಸರಿನಲ್ಲಿ ಕೊಡಿಸುತ್ತೇನೆ ಎನ್ನುವ ದಲ್ಲಾಳಿಗೆ ಒಂದು ಶಿಲಿಂಗನ್ನೂ ಕೊಡಬೇಡಿ. ಹಿತ್ತಲಿರುವ ಬಾಡಿಗೆ ಮನೆ ನೋಡಿಕೊಳ್ಳಿ. ಮಾರ್ಚ್‌ನಲ್ಲಿ ದೊಡ್ಡ ಮಳೆ ಹಿಡಿದಾಗ ಅಲ್ಲೊಂದು ಮಡಿ ಮಾಡಿ ದಂಟು, ಅಲಸಂದೆ ಬಿತ್ತಿ. ಬೀಜ ಕಿಬುಯೆಯಲ್ಲಿಯೇ ಸಿಗುತ್ತದೆ.