ತಿಂಗಳಿಗೊಂದು ಇಂಜೆಕ್ಷನ್: ಸ್ಕಿಜೋಅಫೆಕ್ಟಿವ್ ಕಾಯಿಲೆಗೆ ಪ್ಯಾಲಿಪೆರಿಡೋನ್ ಡಿಪೋ ಕೊಡುವ ಕ್ರಮ

ಸ್ಕಿಜೋಅಫೆಕ್ಟಿವ್ ಕಾಯಿಲೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುತ್ತವೆ. ಇಲ್ಲದ ದನಿ ಕೇಳಿಸುವುದು, ವಿನಾಕಾರಣ ಸಂಶಯ ಬಲಿಯುವುದು ಒಂದೆಳೆ. ಉನ್ಮಾದ ಅಥವಾ ಖಿನ್ನತೆ ಇನ್ನೊಂದೆಳೆ. ಮಾತ್ರೆ ತಪ್ಪಿದರೆ ಎರಡೂ ಒಟ್ಟಿಗೆ ಕೆದರುತ್ತವೆ. ಪ್ಯಾಲಿಪೆರಿಡೋನ್ ಪಾಲ್ಮಿಟೇಟ್ ಎಂಬ ಮಾಸಿಕ ಡಿಪೋ (ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುವ) ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2014ರಲ್ಲಿ ಈ ಕಾಯಿಲೆಗೆಂದೇ ಒಪ್ಪಿಗೆ ಕೊಟ್ಟಿತು. ಇದನ್ನು ಒಂದನ್ನೇ ಕೊಡಬಹುದು, ಮೂಡ್ ಸ್ಟೆಬಿಲೈಸರ್ (ಮನಸ್ಸಿನ ಏರಿಳಿತ ತಡೆಯುವ ಔಷಧ) ಅಥವಾ ಖಿನ್ನತೆಯ ಮಾತ್ರೆಯ ಜೊತೆಗೂ ಕೊಡಬಹುದು. ಒಪ್ಪಿಗೆಗೆ ಆಧಾರವಾದ 15 ತಿಂಗಳ ಅಧ್ಯಯನದಲ್ಲಿ ಕಾಯಿಲೆ ಮರುಕಳಿಸಿದ್ದು ಈ ಇಂಜೆಕ್ಷನ್ ಪಡೆದವರಲ್ಲಿ ಶೇ. 15ರಷ್ಟು ಮಂದಿಗೆ, ಔಷಧವಿಲ್ಲದ ಇಂಜೆಕ್ಷನ್ ಪಡೆದವರಲ್ಲಿ ಶೇ. 33ರಷ್ಟು ಮಂದಿಗೆ.

ಶುರುಮಾಡುವ ಮೊದಲು ಒಂದು ಕೆಲಸ ಬಾಕಿಯಿರಬಾರದು. ಆ ವ್ಯಕ್ತಿ ಹಿಂದೆ ಎಂದೂ ರಿಸ್ಪೆರಿಡೋನ್ ಅಥವಾ ಪ್ಯಾಲಿಪೆರಿಡೋನ್ ತೆಗೆದುಕೊಂಡಿಲ್ಲವಾದರೆ ಮೊದಲು ಮಾತ್ರೆ ಕೊಟ್ಟು ಒಗ್ಗುತ್ತದೆಯೇ ನೋಡಬೇಕು. ಮಾತ್ರೆಯನ್ನು ನಾಳೆಯೇ ನಿಲ್ಲಿಸಬಹುದು. ಸ್ನಾಯುವಿನೊಳಗೆ ಹೋದ ಡಿಪೋವನ್ನು ವಾಪಸು ತೆಗೆಯಲಾಗದು. ಒಂದೇ ಡೋಸ್ ಕೊಟ್ಟರೂ ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ, 25ರಿಂದ 49 ದಿನ. ಜೊತೆಗೆ ಮೂತ್ರಪಿಂಡ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಈ ಔಷಧ ಮುಖ್ಯವಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗುತ್ತದೆ. ವರ್ಷಗಟ್ಟಲೆ ಲಿಥಿಯಂ ಎಂಬ ಮೂಡ್ ಸ್ಟೆಬಿಲೈಸರ್ ತೆಗೆದುಕೊಂಡವರಲ್ಲಿ ಮೂತ್ರಪಿಂಡ ಸೊರಗಿರುವ ಸಾಧ್ಯತೆ ಇರುವುದರಿಂದ ಈ ಪರೀಕ್ಷೆಯನ್ನು ಬಿಡಲೇಬಾರದು.

ಡೋಸ್ ಹೀಗೆ: 1ನೇ ದಿನ 234 ಮಿ.ಗ್ರಾಂ, 8ನೇ ದಿನ 156 ಮಿ.ಗ್ರಾಂ, ಎರಡೂ ತೋಳಿಗೆ. ಮೊದಲ ಇಂಜೆಕ್ಷನ್‌ನಿಂದ ಐದು ವಾರಕ್ಕೆ ಮೂರನೆಯದು. ಅಲ್ಲಿಂದ ತಿಂಗಳಿಗೊಂದು, 78ರಿಂದ 234 ಮಿ.ಗ್ರಾಂ ಒಳಗೆ, ತೋಳಿಗಾದರೂ ಸರಿ, ಪೃಷ್ಠಕ್ಕಾದರೂ ಸರಿ. ಎರಡನೆಯದನ್ನು ನಾಲ್ಕು ದಿನ ಹಿಂದೆ ಮುಂದೆ, ತಿಂಗಳ ಡೋಸನ್ನು ಏಳು ದಿನ ಹಿಂದೆ ಮುಂದೆ ಮಾಡಬಹುದು. ಮೊದಲೆರಡು ತೋಳಿಗೇ ಏಕೆಂದರೆ, ಅಲ್ಲಿ ಕೊಟ್ಟಾಗ ರಕ್ತದಲ್ಲಿ ಔಷಧದ ಆರಂಭಿಕ ಗರಿಷ್ಠ ಮಟ್ಟ ಪೃಷ್ಠಕ್ಕಿಂತ ಸರಾಸರಿ ಶೇ. 28ರಷ್ಟು ಹೆಚ್ಚು. ಈ ಆರಂಭ ಸರಿಯಾಗಿದ್ದರೆ ಜೊತೆಗೆ ಪ್ಯಾಲಿಪೆರಿಡೋನ್ ಮಾತ್ರೆ ಬೇಕಿಲ್ಲ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಮೂತ್ರಪಿಂಡ ರಕ್ತ ಶುದ್ಧಮಾಡುವ ವೇಗ) ನಿಮಿಷಕ್ಕೆ 50ರಿಂದ 79 ಮಿ.ಲೀ. ಇದ್ದರೆ 156, ನಂತರ 117, ಆಮೇಲೆ ತಿಂಗಳಿಗೆ 78. ಐವತ್ತಕ್ಕಿಂತ ಕಡಿಮೆಯಿದ್ದರೆ ಈ ಇಂಜೆಕ್ಷನ್ ಬೇಡ.

ಇಲ್ಲಿ ಎಡವುವವರು ಬಹಳ. ಕೆಲವು ದೇಶಗಳ ಡಬ್ಬಿಯ ಮೇಲೆ ಪಾಲ್ಮಿಟೇಟ್ ತೂಕ ಬರೆದಿರುತ್ತದೆ, ಕೆಲವೆಡೆ ಅದರೊಳಗಿನ ಪ್ಯಾಲಿಪೆರಿಡೋನ್ ತೂಕ ಮಾತ್ರ. 234 ಎಂದರೂ 150 ಎಂದರೂ ಅದೇ ಸಿರಿಂಜ್. 156 ಅಂದರೆ 100, 117 ಅಂದರೆ 75, 78 ಅಂದರೆ 50. ಹಳೇ ಚೀಟಿಯಲ್ಲಿ ‘150’ ಎಂದಿರುವುದನ್ನು ಹೊಸ ಡಬ್ಬಿಯ 156ಕ್ಕೆ ಹೊಂದಿಸಿಬಿಟ್ಟರೆ ಡೋಸ್ ಮೂರನೇ ಒಂದು ಭಾಗ ಇಳಿದಂತಾಯಿತು. ಚೀಟಿಯಲ್ಲಿ ಯಾವ ಲೆಕ್ಕವೆಂದು ಬರೆದೇ ಇರಲಿ.

ಇನ್ನು ಸೂಜಿ. ತೋಳಿಗಾದರೆ 90 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ ಒಂದಿಂಚಿನ 23 ಗೇಜ್, 90 ಮತ್ತು ಮೇಲಿನವರಿಗೆ ಒಂದೂವರೆ ಇಂಚಿನ 22 ಗೇಜ್. ಪೃಷ್ಠಕ್ಕೆ ತೂಕ ಎಷ್ಟೇ ಇರಲಿ ಒಂದೂವರೆ ಇಂಚಿನದೇ. ಡಬ್ಬಿಯಲ್ಲಿ ಬಂದ ಸೂಜಿಯನ್ನೇ ಬಳಸಿ. ದಪ್ಪ ತೋಳಿಗೆ ಗಿಡ್ಡ ಸೂಜಿ ಹಾಕಿದರೆ ಔಷಧ ಸ್ನಾಯುವಿಗೆ ಇಳಿಯದೆ ಕೊಬ್ಬಿನಲ್ಲೇ ಉಳಿಯಬಹುದು.

ಸಿರಿಂಜ್‌ನೊಳಗಿನದು ನೀರಿನಂಥ ದ್ರಾವಣವಲ್ಲ. ನುಣ್ಣಗಿನ ಹರಳುಗಳು ತೇಲುವ ಹಾಲಿನಂಥ ದ್ರವ. ಇಟ್ಟಲ್ಲೇ ಇಟ್ಟರೆ ತಳಕ್ಕೆ ಕೂರುತ್ತದೆ. ತುದಿ ಮೇಲಿರುವಂತೆ ಹಿಡಿದು ಕನಿಷ್ಠ 10 ಸೆಕೆಂಡ್ ಜೋರಾಗಿ ಕುಲುಕಿ. ಸುಮ್ಮನೆ ಓರೆಮಾಡಿ ನೆಟ್ಟಗೆ ಹಿಡಿದರೆ ಸಾಲದು. ಕುಲುಕದಿದ್ದರೆ ಸೂಜಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ಮದ್ದು ಸಿರಿಂಜ್‌ನಲ್ಲೇ ಉಳಿದುಹೋಗುತ್ತದೆ. ಸೂಜಿ ತಿರುಗಿಸಿ ಬಿಗಿಮಾಡಿ, ಗಾಳಿ ಹೊರಹಾಕಿ, ತೋಳಿನ ಸ್ನಾಯುವಿನ ನಡುವೆ ಅಥವಾ ಪೃಷ್ಠದ ಮೇಲಿನ ಹೊರಗಿನ ಕಾಲುಭಾಗದಲ್ಲಿ ಆಳಕ್ಕೆ, ನಿಧಾನವಾಗಿ, ಪೂರ್ತಿ ಒಂದೇ ಸಲ ಕೊಡಿ. ಎರಡು ಕಡೆ ಹಂಚಬೇಡಿ, ಆಮೇಲೆ ಉಜ್ಜಬೇಡಿ. ಮುಂದಿನ ಸಲ ಇನ್ನೊಂದು ಬದಿಗೆ.

ತಿಂಗಳ ಡೋಸ್ ತಪ್ಪಿದರೆ ಕೊನೆಯ ಇಂಜೆಕ್ಷನ್‌ನ ದಿನದಿಂದ ಎಣಿಸಿ. ಆರು ವಾರದೊಳಗಾದರೆ ತಕ್ಷಣ ಅದೇ ಡೋಸ್ ಕೊಟ್ಟು ಎಂದಿನಂತೆ ಮುಂದುವರಿಸಿ. ಆರು ವಾರ ದಾಟಿ ಆರು ತಿಂಗಳೊಳಗಾದರೆ ಮೊದಲಿನ ಡೋಸನ್ನೇ ತೋಳಿಗೆ ಒಂದು, ವಾರ ಬಿಟ್ಟು ತೋಳಿಗೆ ಇನ್ನೊಂದು, ಆಮೇಲೆ ತಿಂಗಳಿಗೊಂದು. ಮೊದಲು 234 ಪಡೆಯುತ್ತಿದ್ದವರಿಗೆ ಈ ಎರಡೂ 156 ಆಗಿರಬೇಕು. ಆರು ತಿಂಗಳು ದಾಟಿದರೆ ಎಲ್ಲವೂ ಮೊದಲಿನಿಂದ. ‘ಹೇಗೂ ತಡವಾಗಿದೆ, ಈ ಸಲ ಜಾಸ್ತಿ ಕೊಡೋಣ’ ಎಂಬ ಲೆಕ್ಕ ತಪ್ಪು. ಎರಡನೇ ಆರಂಭಿಕ ಡೋಸ್ ತಪ್ಪಿದ್ದಾದರೆ ಲೆಕ್ಕವೇ ಬೇರೆ, ವೈದ್ಯರನ್ನು ಕೇಳಿ.

ಈ ಕಾಯಿಲೆಯಲ್ಲಿ ನಿಜವಾಗಿ ಎಚ್ಚರ ಬೇಕಿರುವುದು ಎರಡನೇ ಎಳೆಯ ಔಷಧಗಳ ವಿಷಯದಲ್ಲಿ. ಲಿಥಿಯಂ, ವ್ಯಾಲ್ಪ್ರೊಯೇಟ್ ಎಂಬ ಮೂಡ್ ಸ್ಟೆಬಿಲೈಸರ್‌ಗಳು ಇದ್ದರೆ ಇಂಜೆಕ್ಷನ್ ಬಂತೆಂದು ನಿಲ್ಲಿಸುವಂತಿಲ್ಲ. ಲಿಥಿಯಂನ ರಕ್ತಪರೀಕ್ಷೆಯೂ ತಪ್ಪಬಾರದು. ಇದೇ ಗುಂಪಿನ ಕಾರ್ಬಮಜೆಪಿನ್ ಮಾತ್ರ ಈ ಇಂಜೆಕ್ಷನ್ ಜೊತೆ ಹೊಂದದು. ಅದು ಪ್ಯಾಲಿಪೆರಿಡೋನ್ ಮಾತ್ರೆಯ ರಕ್ತಮಟ್ಟವನ್ನು ಸುಮಾರು ಶೇ. 37 ಇಳಿಸಿದ್ದು ದಾಖಲಾಗಿದೆ. ಇಂಜೆಕ್ಷನ್ ‘ಕೆಲಸ ಮಾಡುತ್ತಿಲ್ಲ’ ಎನ್ನುವ ಮುಂಚೆ ಮಾತ್ರೆಗಳ ಪಟ್ಟಿಯಲ್ಲಿ ಇದಿದೆಯೇ ನೋಡಿ.

ಅಕತೀಸಿಯಾ ಎಂಬ ಅಡ್ಡಪರಿಣಾಮ ಉನ್ಮಾದದ ವೇಷ ತೊಟ್ಟು ಬರುತ್ತದೆ. ಕೂತಲ್ಲಿ ಕೂರಲಾಗದು, ಕಾಲು ತಾನಾಗಿ ಆಡುತ್ತದೆ, ಮನೆಯೊಳಗೇ ಶತಪಥ. ಉನ್ಮಾದದಲ್ಲಿರುವವರಿಗೆ ಸಾಮಾನ್ಯವಾಗಿ ನಿದ್ದೆ ಬೇಕೆನಿಸದು, ಮಾತು ಉಕ್ಕುತ್ತದೆ. ಅಕತೀಸಿಯಾ ಇರುವವರು ಮಲಗಲು ಬಯಸುತ್ತಾರೆ, ಕಾಲು ಬಿಡುವುದಿಲ್ಲ, ಅದರಿಂದ ಸಂಕಟಪಡುತ್ತಾರೆ. ಇದನ್ನು ಉನ್ಮಾದವೆಂದು ತಿಳಿದು ಡೋಸ್ ಏರಿಸಿದರೆ ಸಂಕಟ ಇನ್ನಷ್ಟು ಹೆಚ್ಚುತ್ತದೆ.

ಮುಟ್ಟು ನಿಲ್ಲುವುದು, ಎದೆಹಾಲು ಬರುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿದ್ದರ ಗುರುತು. ತಾವಾಗಿ ಹೇಳುವವರು ಕಡಿಮೆ, ಕೇಳಬೇಕು. ತೂಕ, ಸೊಂಟದ ಸುತ್ತಳತೆ, ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ಶುರುವಿನಲ್ಲಿ, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿ. ಜ್ವರದ ಜೊತೆ ಮೈ ಸೆಟೆದು, ಮಂಪರು ಕವಿದರೆ ಅದು ನ್ಯೂರೋಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎಂಬ, ಜೀವಕ್ಕೇ ಅಪಾಯ ತರುವ ಅಡ್ಡಪರಿಣಾಮ ಇರಬಹುದು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಡಿಪೋ ಕೊಟ್ಟ ದಿನಾಂಕ ಮತ್ತು ಡೋಸ್ ಮೊದಲೇ ಹೇಳಿ.

ಬೇರೆ ಡಿಪೋಗಳಿಗೆ ಈ ನಿಯಮಗಳನ್ನು ಹೊಂದಿಸಬೇಡಿ. ಎರಡು ವಾರಕ್ಕೊಮ್ಮೆ ಕೊಡುವ ರಿಸ್ಪೆರಿಡೋನ್ ಮೈಕ್ರೋಸ್ಫಿಯರ್‌ಗೆ ಮೊದಲ ಮೂರು ವಾರ ಮಾತ್ರೆ ಜೊತೆಗಿರಬೇಕು. ಒಲಾಂಜಪಿನ್ ಪಾಮೊಯೇಟ್ ಕೊಟ್ಟ ಮೇಲೆ ಮೂರು ಗಂಟೆ ಅಲ್ಲೇ ಕೂರಿಸಿ ನೋಡಿಕೊಳ್ಳಬೇಕು. ಹ್ಯಾಲೊಪೆರಿಡಾಲ್ ಡೆಕನೋಯೇಟ್ ಎಳ್ಳೆಣ್ಣೆಯಲ್ಲಿರುವುದರಿಂದ ಎಳ್ಳು ಒಗ್ಗದವರಿಗೆ ಆಗದು.