ಕತ್ತರಿ ನನ್ನ ಕೈಗೆ ಬಂದಾಗ

ನಾಲ್ಕನೇ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಹೆಡ್‌ಫೋನ್ ತೆಗೆದಿಟ್ಟೆ. ಅವತ್ತು 2021ರ ಸೆಪ್ಟೆಂಬರ್ 3, ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಹದಿನೇಳನೇ ಸ್ಟುಡಿಯೋ ಆಲ್ಬಂ ‘ಸೆಂಜುತ್ಸು’ ಹೊರಬಂದ ದಿನ. ಹಿಂದಿನದಾದ ‘ದಿ ಬುಕ್ ಆಫ್ ಸೋಲ್ಸ್’ ಬಂದದ್ದು 2015ರಲ್ಲಿ. ಅಲ್ಲಿಂದ ಆರು ವರ್ಷ ಕಾದು ಕೂತಿದ್ದವನು ನಾನು. ಆದರೆ ‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’ ಎಂಬ ಆ ಹಾಡು ಬರೋಬ್ಬರಿ ಒಂಬತ್ತೂವರೆ ನಿಮಿಷ. ಸುಮಾರು ಎರಡು ನಿಮಿಷ ಮೆಲ್ಲಗೆ ತೆವಳಿ, ಆಮೇಲೆ ಗಿಟಾರ್‌ಗಳು ಒಟ್ಟಿಗೆ ಬಿದ್ದು, ಅದೇ ಸಾಲು ಮತ್ತೆ ಮತ್ತೆ ಬಂದಾಗ ನನ್ನ ತಾಳ್ಮೆ ಕೆಟ್ಟಿತು. ಗೆಳೆಯರಿಬ್ಬರಿಗೆ ಆಗಲೇ ಮೆಸೇಜ್ ಹಾಕಿದೆ: ‘ಈ ಮುದುಕರ ಹಾಡಿಗೆ ಕತ್ತರಿ ಹಾಕುವ ಧೈರ್ಯ ಯಾರಿಗೂ ಇಲ್ಲ.’

ಒಬ್ಬ ನನ್ನ ಓರಗೆಯವನು, ಕ್ಯಾಸೆಟ್ ಕಾಲದಿಂದ ಕೇಳಿಕೊಂಡು ಬಂದವನು. 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಆದಮೇಲೆ ಮೇಡನ್ ಮಾಡಿದ್ದೆಲ್ಲ ಹೊಟ್ಟೆಪಾಡಿಗೆ ಎನ್ನುವುದು ಅವನ ಸಿದ್ಧಾಂತ. ‘ನಾನು ಹೇಳಿರಲಿಲ್ವೇನೋ?’ ಎಂದು ಖುಷಿಪಟ್ಟ. ಇನ್ನೊಬ್ಬ ನನಗಿಂತ ಹದಿನೈದು ವರ್ಷ ಚಿಕ್ಕವನು. 2000ದ ‘ಬ್ರೇವ್ ನ್ಯೂ ವರ್ಲ್ಡ್’ ಕೇಳಿ ಮೇಡನ್ ಹುಚ್ಚು ಹತ್ತಿಸಿಕೊಂಡವನು. ಅವನು ಕೇಳಿದ್ದು ಒಂದೇ ಮಾತು: ‘ಅಣ್ಣ, ಕೊನೇ ಹಾಡು ಕೇಳಿದ್ರಾ?’

ಕೇಳಿರಲಿಲ್ಲ. ಹತ್ತು ಹಾಡುಗಳಲ್ಲಿ ಮೂರೂವರೆ ಕೇಳಿ ತೀರ್ಪು ಕೊಟ್ಟಿದ್ದೆ.

ಆ ವಾರವೆಲ್ಲ ಎಲ್ಲಿ ನೋಡಿದರೂ ಇದೇ ಜಗಳ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯದು ಬಂದಿಲ್ಲ ಎನ್ನುವವರು ಒಂದು ಕಡೆ, ನಿದ್ದೆ ಬಂತು ಎನ್ನುವವರು ಇನ್ನೊಂದು ಕಡೆ. ಬೈಯುವವರ ಪಟ್ಟಿ ಮಾತ್ರ ಎಲ್ಲರದೂ ಹೆಚ್ಚುಕಮ್ಮಿ ಒಂದೇ: ಹಾಡು ಉದ್ದ, ಮಿಕ್ಸ್ (ವಾದ್ಯ, ಗಂಟಲುಗಳ ಧ್ವನಿಯನ್ನು ಬೆರೆಸಿದ ರೀತಿ) ಮಂಕು, ಹಾಡುಗಾರ ಬ್ರೂಸ್ ಡಿಕಿನ್ಸನ್ ಗಂಟಲು ಸೋತಿದೆ. ನಾನು ಬಿಡುವಿದ್ದಾಗ ಬೇಸ್ ಗಿಟಾರ್ ನುಡಿಸುವವನು. ಮನೆಯ ಕಂಪ್ಯೂಟರಿನಲ್ಲಿ ಒಂದಿಷ್ಟು ರೆಕಾರ್ಡಿಂಗ್ ಕೆಲಸವೂ ಗೊತ್ತು. ಸುಮ್ಮನೆ ಬೈಯುವ ಬದಲು ಈ ಮೂರನ್ನೂ ಒಂದೊಂದಾಗಿ ನಾನೇ ನೋಡಿಬಿಡೋಣ ಅನ್ನಿಸಿತು.

ಮೊದಲು ಸಮಯದ ಲೆಕ್ಕ. 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’ ಎಂಟು ಹಾಡು, ಸುಮಾರು 40 ನಿಮಿಷ. ‘ಸೆಂಜುತ್ಸು’ ಹತ್ತು ಹಾಡು, ಸುಮಾರು 82 ನಿಮಿಷ. ನನ್ನ ಕಿವಿ ಬೆಳೆದದ್ದು 40 ನಿಮಿಷದ ಅಳತೆಯಲ್ಲಿ. ಹಾಗಾಗಿ ಎರಡು ಡಿಸ್ಕ್‌ಗಳನ್ನು ಎರಡು ಬೇರೆ ದಿನ ಕೇಳಿದೆ. ಮೊದಲ ಡಿಸ್ಕ್‌ನಲ್ಲಿ ಆರು ಹಾಡು, ಎರಡನೆಯದರಲ್ಲಿ ನಾಲ್ಕೇ. ಆ ನಾಲ್ಕರಲ್ಲಿ ಕೊನೆಯ ಮೂರು, ಬ್ಯಾಂಡಿನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಒಬ್ಬನೇ ಬರೆದವು, ಒಂದೊಂದೂ 10 ನಿಮಿಷ ದಾಟುತ್ತವೆ. ಇಷ್ಟು ಮಾಡಿದ್ದಕ್ಕೇ ಅರ್ಧ ಸುಸ್ತು ಹೋಯಿತು. ಎರಡನೇ ಡಿಸ್ಕ್‌ನ ಮೊದಲ ಹಾಡು ‘ಡಾರ್ಕೆಸ್ಟ್ ಅವರ್’ ಮೊದಲ ಸಲ ನಿಜವಾಗಿ ಕಿವಿಗೆ ಬಿತ್ತು.

ಆಮೇಲೆ ಧ್ವನಿ. ಎರಡು ರೆಕಾರ್ಡಿಂಗ್ ಹೋಲಿಸುವಾಗ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಹೊತ್ತು ಕಳೆದಂತೆ ಅದೇ ಜೋರು ತಲೆನೋವಾಗುತ್ತದೆ. ಅದಕ್ಕೇ ಹಳೆಯ ಹಾಡು, ಹೊಸ ಹಾಡು ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಸದರ ವಾಲ್ಯೂಮ್ ಇಳಿಸಿ, ಎರಡೂ ಒಂದೇ ಮಟ್ಟಕ್ಕೆ ಬಂದಮೇಲೆ ಕೇಳಿದೆ. ಬರೀ ಜೋರಿನ ಸಮಸ್ಯೆ ಆಗಿದ್ದರೆ ಆಗ ಸರಿಹೋಗಬೇಕಿತ್ತು. ಹೋಗಲಿಲ್ಲ. 1999ರಿಂದ ಮೇಡನ್‌ನಲ್ಲಿ ಮೂವರು ಗಿಟಾರಿಸ್ಟ್‌ಗಳು: ಡೇವ್ ಮರ್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್. ಮೂವರೂ ಒಂದೇ ಎತ್ತರದ ಸ್ವರಗಳಲ್ಲಿ ನುಡಿಸುವಾಗ, ಕೆಳಗಿನಿಂದ ಹ್ಯಾರಿಸ್ ಬೇಸ್ ತಂತಿ ಟಕಟಕ ಎನ್ನುತ್ತಾ ಮೇಲೆದ್ದು ಬಂದಾಗ, ನಡುವೆ ಒಂದು ಗೋಜಲು ಹುಟ್ಟುತ್ತದೆ. ಪ್ರೊಡ್ಯೂಸರ್ ಕೆವಿನ್ ಶರ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಕಾಲದಿಂದಲೂ ಇರುವವನು, ಗೋಜಲೂ ಆಗಿನಿಂದ ಸ್ವಲ್ಪ ಸ್ವಲ್ಪ ಇದ್ದದ್ದೇ. ಈ ವಿಷಯದಲ್ಲಿ ಬೈಯುವವರ ಕಡೆಗೇ ನನ್ನ ಓಟು. (ಅಭಿಮಾನಿಗಳ ಕಿವಿಯನ್ನು ಹಗುರವಾಗಿ ನೋಡುವವರು 2008 ನೆನಪಿಸಿಕೊಳ್ಳಲಿ. ಇನ್ನೊಂದು ಮೆಟಲ್ ಬ್ಯಾಂಡ್ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಸಿಡಿಗಿಂತ ವಿಡಿಯೋ ಗೇಮಿನಲ್ಲಿದ್ದ ಅದೇ ಹಾಡುಗಳೇ ಸ್ವಚ್ಛವಾಗಿವೆ ಎಂದು ಪತ್ತೆಹಚ್ಚಿ, ಮತ್ತೆ ಮಿಕ್ಸ್ ಮಾಡಿ ಎಂದು ಸಹಿ ಸಂಗ್ರಹಿಸಿದವರು ಅಭಿಮಾನಿಗಳೇ.)

ಗಂಟಲಿನ ವಿಷಯ ಬೇಗ ಮುಗಿಯಿತು. ಡಿಕಿನ್ಸನ್ ಹುಟ್ಟಿದ್ದು 1958ರಲ್ಲಿ, ಈ ಆಲ್ಬಂ ರೆಕಾರ್ಡ್ ಆದದ್ದು 2019ರಲ್ಲಿ. ನಡುವೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಬಂದು, 2015ರಲ್ಲಿ ಚಿಕಿತ್ಸೆ ಮುಗಿಸಿಕೊಂಡವನು. ‘ಬುಕ್ ಆಫ್ ಸೋಲ್ಸ್’ಗೆ ಹಾಡಿದ್ದು ಕಾಯಿಲೆ ಪತ್ತೆಯಾಗುವ ಮೊದಲು. ಅಂದರೆ ಚಿಕಿತ್ಸೆಯ ನಂತರ ಈ ಗಂಟಲು ಹಾಡಿದ ಮೊದಲ ಮೇಡನ್ ಸ್ಟುಡಿಯೋ ಆಲ್ಬಂ ಇದು. ಅದನ್ನು 1982ರ ಗಂಟಲಿನ ಪಕ್ಕ ಇಟ್ಟು ಅಳೆಯಲು ನನಗೆ ಮನಸ್ಸು ಬರಲಿಲ್ಲ. ಕೆಲವು ಕಡೆ ಎಳೆದಾಡುತ್ತದೆ, ಹೌದು. ಮುಂದೆ.

ನಿಜವಾದ ಕೆಲಸ ಇದ್ದದ್ದು ಉದ್ದದ ವಿಷಯದಲ್ಲಿ. ಕತ್ತರಿ ಹಾಕಬೇಕಿತ್ತು ಎಂದು ಬರೆದವನು ನಾನೇ ತಾನೇ? ಎಲ್ಲಿ ಹಾಕಬೇಕಿತ್ತು ಎಂದು ತೋರಿಸುವ ಹೊಣೆಯೂ ನನ್ನದೇ. ನನಗೆ ಮಾತ್ರ ಕೇಳಿಸಿಕೊಳ್ಳಲಿಕ್ಕೆಂದು ಮೂರು ಹಾಡುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡೆ: ‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’, ಹನ್ನೆರಡೂವರೆ ನಿಮಿಷ ದಾಟುವ ‘ದಿ ಪಾರ್ಚ್‌ಮೆಂಟ್’, ಮತ್ತೆ ಆ ಕೊನೆಯ ಹಾಡು, ‘ಹೆಲ್ ಆನ್ ಅರ್ಥ್’.

ಕತ್ತರಿಸುವುದು ಹೇಳಿದಷ್ಟು ಸುಲಭವಲ್ಲ. ತಾಳದ ಮೊದಲ ಪೆಟ್ಟಿಗೆ ಸರಿಯಾಗಿ ಕೊಯ್ದರೂ, ಹಿಂದಿನ ಸಿಂಬಲ್‌ನ ಝೇಂಕಾರ ಇನ್ನೂ ಉಳಿದಿರುತ್ತದೆ. ಅದು ಪಟಕ್ಕನೆ ನಿಂತರೆ ಯಾರಿಗಾದರೂ ಗೊತ್ತಾಗಿಬಿಡುತ್ತದೆ. ಎರಡು ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ, ಒಂದು ಇಳಿಯುವಾಗ ಇನ್ನೊಂದು ಏರುವಂತೆ ಮಾಡಬೇಕು. ಡ್ರಮ್ ಹೊಡೆತ ಜೋರಾಗಿರುವ ಕಡೆ ಗಾಯ ಮುಚ್ಚಿಹೋಗುತ್ತದೆ ಎಂದು ಎರಡನೇ ರಾತ್ರಿ ಕಲಿತೆ. ಒಂದು ಹಾಡಿಗೆ ಎರಡು ಮೂರು ರಾತ್ರಿ ಹಿಡಿಯಿತು.

‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’ನಿಂದ ಮೂರು ನಿಮಿಷ ತೆಗೆದೆ. ಆರಂಭವನ್ನು ಅರ್ಧ ಮಾಡಿದೆ, ಪಲ್ಲವಿಯ ಪುನರಾವರ್ತನೆಗಳನ್ನು ಇಳಿಸಿದೆ. ಹಾಡು ಚುರುಕಾಯಿತು. ಬೀಗಿದೆ.

‘ದಿ ಪಾರ್ಚ್‌ಮೆಂಟ್’ಗೆ ಅದೇ ಉಪಾಯ ಮಾಡಿ ನಾಲ್ಕು ನಿಮಿಷ ಕಳೆದೆ. ಆ ಹಾಡು ಹಟ ಹಿಡಿದವನಂತೆ ಒಂದೇ ಭಾರದ ನಡಿಗೆಯಲ್ಲಿ ನಡೆದು ನಡೆದು, ಕೊನೆಗೆ ಒಮ್ಮೆಲೇ ಓಟಕ್ಕೆ ಬೀಳುತ್ತದೆ. ನಾನು ನಡಿಗೆಯನ್ನು ಮೊಟಕು ಮಾಡಿದ್ದೇ ತಡ, ಓಟಕ್ಕೆ ಕಿಮ್ಮತ್ತೇ ಇಲ್ಲದಂತಾಯಿತು. ದಣಿಯದೇ ಇದ್ದವನಿಗೆ ಓಟ ಸಿಕ್ಕಿದರೇನು, ಬಿಟ್ಟರೇನು! ಒಂದೊಂದೇ ತುಂಡು ವಾಪಸ್ ಅಂಟಿಸುತ್ತಾ ಬಂದೆ. ಕೊನೆಗೆ ನಾನು ಹೊರಗಿಡಲು ಸಾಧ್ಯವಾದದ್ದು ನಲವತ್ತು ಸೆಕೆಂಡ್.

‘ಹೆಲ್ ಆನ್ ಅರ್ಥ್’ ನನ್ನನ್ನು ಪೂರ್ತಿ ಮಣಿಸಿತು. ಮೊದಲ ಎರಡು ನಿಮಿಷದ ಮೆಲುದನಿ ತೆಗೆದರೆ ಉಳಿಯುವುದು ಇನ್ನೊಂದು ಕುದುರೆ ಓಟದ ಹಾಡು. ಮೇಡನ್ ಹತ್ತಿರ ಅಂಥವು ಬೇಕಾದಷ್ಟಿವೆ. ಕತ್ತರಿ ಕೆಳಗಿಟ್ಟು ಬೇಸ್ ಎತ್ತಿಕೊಂಡೆ. ಹ್ಯಾರಿಸ್ ತಂತಿ ಮೀಟುವ ಪಿಕ್ ಹಿಡಿಯುವುದಿಲ್ಲ, ಬೆರಳಲ್ಲೇ ನುಡಿಸುವವನು. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ — ಆ ಓಟವನ್ನು ನಿಮಿಷಗಟ್ಟಲೆ ಬಿಡದೆ ನುಡಿಸಿದರೆ ಬಲಗೈ ಮಣಿಕಟ್ಟು ಉರಿಯುತ್ತದೆ. ಮೂರು ವಾರ ಬೇಕಾಯಿತು. ಹಾಡು ಕೊನೆಗೆ ಮತ್ತೆ ಮೆಲುದನಿಗೆ ಇಳಿದಾಗ ಕೈಗೆ ಸಿಗುವ ಬಿಡುವು ಇದೆಯಲ್ಲ, ಅದು ಬರೀ ಕೇಳುತ್ತಿದ್ದಾಗ ನನಗೆ ಸಿಕ್ಕಿರಲಿಲ್ಲ.

ಇಲ್ಲಿ ನನ್ನ ಮೇಲೆ ನನಗೇ ಅನುಮಾನ ಬಂತು. ಮೂರು ವಾರ ಬೆವರು ಸುರಿಸಿ ಕಲಿತದ್ದನ್ನು ಯಾರು ಕೆಟ್ಟದ್ದು ಅನ್ನುತ್ತಾರೆ? ನುಡಿಸುವವನಿಗೆ ಪುನರಾವರ್ತನೆ ಸುಖ. ಕೇಳುವವನಿಗೆ ಹಾಗೇ ಇರಬೇಕೆಂದಿಲ್ಲ. ಪರೀಕ್ಷೆಗೆಂದು ‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’ ಅನ್ನೂ ಕಲಿತೆ. ಅದು ಕೈಯಲ್ಲೂ ಉದ್ದವೇ. ಹಾಗಾದರೆ ನಾನು ಪೂರ್ತಿ ಆ ಕಡೆಗೆ ವಾಲಿಲ್ಲ ಎಂದು ಸಮಾಧಾನವಾಯಿತು.

ಓರಗೆಯ ಗೆಳೆಯನಿಗೆ ನಾನು ಕತ್ತರಿಸಿದ ‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’ ಅನ್ನು ಏನೂ ಹೇಳದೆ ಕೇಳಿಸಿದೆ. ಕಣ್ಣುಮುಚ್ಚಿ ಕೇಳಿ, ‘ಪರವಾಗಿಲ್ವಲ್ಲ ಮಾರಾಯ, ಇದೊಂದನ್ನ ಕಮ್ಮಿ ಬೈಬೇಕಿತ್ತು ಅನ್ಸುತ್ತೆ’ ಎಂದ. ಚಿಕ್ಕವನು ಒಂದು ನಿಮಿಷಕ್ಕೇ ಹಿಡಿದುಬಿಟ್ಟ: ‘ಅಣ್ಣ, ಏನೋ ತಿಂದುಹಾಕಿದ್ದೀರಿ.’ ಕೋಪಿಸಿಕೊಂಡು ಪೂರ್ತಿ ಕೇಳಲೇ ಇಲ್ಲ.

ಆಮೇಲೆ 2023ರ ಮೇ ತಿಂಗಳಲ್ಲಿ ಸ್ಲೊವೇನಿಯಾದ ಲ್ಯುಬ್ಲಿಯಾನದಿಂದ ‘ಫ್ಯೂಚರ್ ಪಾಸ್ಟ್’ ಪ್ರವಾಸ ಶುರುವಾಯಿತು. ಹಾಡುಗಳಲ್ಲಿ ಮೂರನೇ ಒಂದು ಭಾಗ ‘ಸೆಂಜುತ್ಸು’, ಉಳಿದ ಹಳೆಯವುಗಳಲ್ಲಿ ಅರ್ಧ 1986ರ ‘ಸಮ್‌ವೇರ್ ಇನ್ ಟೈಮ್’. ಗಿಟಾರ್ ಸಿಂಥ್ (ಗಿಟಾರ್‌ನಿಂದ ಎಲೆಕ್ಟ್ರಾನಿಕ್ ಧ್ವನಿ ಹೊರಡಿಸುವ ಸಾಧನ) ಬಳಸಿದರು ಎಂದು ಬಿಡುಗಡೆಯಾದಾಗ ಹಲವರು ಮೂಗು ಮುರಿದ ಆಲ್ಬಂ ಅದು. ಇವತ್ತು ಅದನ್ನು ಮುಟ್ಟಿದರೆ ಸುಡುವಂತೆ ಕಾಯುವವರಲ್ಲಿ ನನ್ನ ಓರಗೆಯವನೂ ಒಬ್ಬ. ಅದರ ‘ಅಲೆಕ್ಸಾಂಡರ್ ದಿ ಗ್ರೇಟ್’ ಹಾಡು ಮೊತ್ತಮೊದಲ ಬಾರಿಗೆ ವೇದಿಕೆ ಮೇಲೆ ಬಂದದ್ದು ಆ ಪ್ರವಾಸದಲ್ಲೇ. ಅದೇ ಪಟ್ಟಿಯಲ್ಲಿ ‘ಹೆಲ್ ಆನ್ ಅರ್ಥ್’ ಪೂರ್ತಿ 11 ನಿಮಿಷ ಇದ್ದದ್ದು ನೋಡಿ ಚಿಕ್ಕವನಿಗೆ ಹಬ್ಬ.

ಹೋದ ತಿಂಗಳು ಓರಗೆಯವನು ಫೋನ್ ಮಾಡಿದ. ಮಗನಿಗೆ ಕೇಳಿಸಲೆಂದು ‘ಲಾಸ್ಟ್ ಇನ್ ಎ ಲಾಸ್ಟ್ ವರ್ಲ್ಡ್’ ಹಾಕಿದ್ದನಂತೆ. ‘ಇದ್ಯಾಕೋ ಆವತ್ತಿಗಿಂತ ಉದ್ದ ಆಗಿದೆ ಕಣೋ’ ಎಂದ. ನಮಗೂ ವಯಸ್ಸಾಯ್ತಲ್ಲ ಎಂದು ಹೇಳಿ ಮಾತು ತೇಲಿಸಿದೆ.