ಮನೆಗೆ ಹಾಟ್ ಟಬ್: ಕೊಳ್ಳುವ ಮುನ್ನ ನೆಲ, ವಿದ್ಯುತ್ ಮತ್ತು ನೀರನ್ನು ನೋಡಿ

ನಮ್ಮ ಬಚ್ಚಲಿನ ರೂಢಿಯಲ್ಲಿ ಹಂಡೆಯಿಂದ ತೋಡಿಕೊಂಡ ನೀರು ಮೈಮೇಲೆ ಒಮ್ಮೆ ಹರಿದು ಮೋರಿ ಸೇರುತ್ತದೆ. ಅದೇ ನೀರನ್ನು ಮತ್ತೊಮ್ಮೆ ಮೈಗೆ ಸುರಿದುಕೊಳ್ಳುವ ಮಾತೇ ಇಲ್ಲ. ಹಾಟ್ ಟಬ್ ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆ. ಒಮ್ಮೆ ತುಂಬಿಸಿದ ಸಾವಿರ, ಸಾವಿರದೈನೂರು ಲೀಟರ್ ನೀರು ವಾರಗಟ್ಟಲೆ ಅದರಲ್ಲಿಯೇ ಉಳಿದು, ಮತ್ತೆ ಮತ್ತೆ ಸೋಸಲ್ಪಟ್ಟು, ಬಿಸಿಯಾಗಿ, ಮನೆಮಂದಿಗೆಲ್ಲ ಬಳಕೆಯಾಗುತ್ತದೆ. ಬೆಂಗಳೂರಿನ ಮನೆಗಾಗಲಿ, ಕೊಡಗು–ಚಿಕ್ಕಮಗಳೂರು ಕಡೆಯ ಹೋಮ್‌ಸ್ಟೇಗಾಗಲಿ ಇದನ್ನು ಕೊಳ್ಳುವ ಯೋಚನೆಯಲ್ಲಿರುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದೇ. ನೀರು ಚಿಮ್ಮುವ ಜೆಟ್‌ಗಳು ಎಷ್ಟು, ದೀಪಗಳ ಬಣ್ಣ ಯಾವುದು ಎಂಬ ವಿಚಾರವೆಲ್ಲ ಆಮೇಲಿನದು.

ಅಂಗಡಿಗೆ ಹೋಗುವ ಮುನ್ನ ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ನಮ್ಮಲ್ಲಿ ‘ಜಕೂಜಿ’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಮಾರುತ್ತಾರೆ. ಜಕೂಜಿ ಎಂಬುದು ಇಟಲಿಯಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಒಂದು ಕುಟುಂಬದ ಹೆಸರು. ಸಂಧಿವಾತದಿಂದ ಬಳಲುತ್ತಿದ್ದ ಮನೆಯ ಹುಡುಗನಿಗೆ ಆರಾಮವಾಗಲೆಂದು 1950ರ ಸುಮಾರಿಗೆ ಅವರು ಸ್ನಾನದ ತೊಟ್ಟಿಯೊಳಗೆ ಇಳಿಸಬಹುದಾದ ಪಂಪನ್ನು ರೂಪಿಸಿದರು. 1968ರಲ್ಲಿ ಅದೇ ಕುಟುಂಬದ ರಾಯ್ ಜಕೂಜಿ ಜೆಟ್‌ಗಳನ್ನು ತೊಟ್ಟಿಯ ಗೋಡೆಯಲ್ಲಿಯೇ ಅಳವಡಿಸಿದರು. ಇಂದಿಗೂ ಬಚ್ಚಲುಮನೆಯೊಳಗೆ ಕೂರಿಸುವ ಜೆಟ್ ಬಾತ್‌ಟಬ್ ಈ ಬಗೆಯದು. ಅದರ ನೀರನ್ನು ಪ್ರತಿ ಸ್ನಾನದ ನಂತರ ಬಿಟ್ಟುಬಿಡುತ್ತೇವೆ. ಹಾಟ್ ಟಬ್‌ಗಾದರೆ ತನ್ನದೇ ಹೀಟರ್, ಫಿಲ್ಟರ್ ಮತ್ತು ಮುಚ್ಚಳ ಇರುತ್ತವೆ. ತಿಂಗಳಿಗೆ ಒಂದೆರಡು ಸಲ ಮಾತ್ರ ಬಳಸುವವರಿಗೆ ಬಾತ್‌ಟಬ್ಬೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಾರಕ್ಕೆ ಮೂರು ನಾಲ್ಕು ದಿನವಾದರೂ ಇಳಿಯುವವರಿಗೆ ಮಾತ್ರ ಹಾಟ್ ಟಬ್‌ನ ಆರೈಕೆ ಹೊರೆಯೆನಿಸುವುದಿಲ್ಲ.

ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ವರ್ಷದ ಹೆಚ್ಚಿನ ಸಂಜೆಗಳು ಬಿಸಿನೀರಿಗೆ ಹಿತ. ಬೆಂಗಳೂರಿನಲ್ಲಿ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಮತ್ತು ಮಳೆಗಾಲದಲ್ಲಿ ಒಳ್ಳೆಯ ಉಪಯೋಗವಿದೆ. ಕರಾವಳಿಯ ಸೆಕೆಯಲ್ಲಿ, ರಾಯಚೂರು–ಕಲಬುರಗಿಯ ಬೇಸಿಗೆಯಲ್ಲಿ ಇದು ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ.

ಮೊದಲ ಹೆಜ್ಜೆ: ಭಾರ ತಾಳುವ ಜಾಗ

ನಾಲ್ಕು ಜನ ಕೂರುವ ಸಾಧಾರಣ ಟಬ್ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲವಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 1200 ಲೀಟರ್ ನೀರು ಎಂದರೆ 1200 ಕಿಲೋ. ಖಾಲಿ ಟಬ್‌ಗೆ ಸುಮಾರು 300 ಕಿಲೋ, ಕುಳಿತ ನಾಲ್ವರಿಗೆ 280 ಕಿಲೋ ಸೇರಿಸಿದರೆ ಒಟ್ಟು 1780 ಕಿಲೋ. ಅಂದರೆ ಪ್ರತಿ ಚದರ ಮೀಟರಿಗೆ 445 ಕಿಲೋ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ, ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ, ವಾಸದ ಕೋಣೆಯ ನೆಲವನ್ನು ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸಗೊಳಿಸುತ್ತಾರೆ. ತಾರಸಿಯ ಮೇಲೆ ನೀರಿನ ಟ್ಯಾಂಕ್ ಇದ್ದೇ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ಆ ಟ್ಯಾಂಕಿನ ಭಾರವನ್ನು ಕಟ್ಟುವಾಗಲೇ ಎಣಿಸಿ ಕಂಬ–ತೊಲೆಗಳ ಮೇಲೆ ಕೂರಿಸಿರುತ್ತಾರೆ. ಆದ್ದರಿಂದ ಮಹಡಿಯ ಮೇಲೆ ಟಬ್ ಇಡಬೇಕೆಂದರೆ ಮನೆಯ ನಕ್ಷೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ, ಲಿಖಿತ ಅಭಿಪ್ರಾಯ ಪಡೆಯದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಗಾಳಿ ತುಂಬಿಸುವ ಟಬ್ ಹಗುರ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಭಾರವಿರುವುದು ನೀರಿನಲ್ಲಿ. ಅಪಾರ್ಟ್‌ಮೆಂಟಿನ ಬಾಲ್ಕನಿಯ ಯೋಚನೆಯನ್ನಂತೂ ಬಿಟ್ಟುಬಿಡುವುದೇ ಸರಿ.

ನೆಲದ ಮೇಲಾದರೆ ಗಟ್ಟಿಸಿದ ಮಣ್ಣಿನ ಮೇಲೆ ನಾಲ್ಕಂಗುಲ ದಪ್ಪದ, ಮಟ್ಟಸವಾದ ಕಾಂಕ್ರೀಟ್ ಹಾಸು ಬೇಕು. ಪಂಪು ಮತ್ತು ಹೀಟರ್ ಇರುವ ಬದಿಯಲ್ಲಿ ರಿಪೇರಿಯವರು ಕುಳಿತು ಕೆಲಸ ಮಾಡುವಷ್ಟು ಜಾಗ, ಅಂದರೆ ಎರಡೂವರೆ–ಮೂರು ಅಡಿ, ಖಾಲಿ ಬಿಡಿ. ಟಬ್ ಗೇಟಿನೊಳಗೆ ಬರುತ್ತದೆಯೇ, ಕಾಂಪೌಂಡ್ ದಾಟಿಸಲು ಕ್ರೇನ್ ಬೇಕೇ ಎಂಬುದನ್ನು ಟೇಪು ಹಿಡಿದು ಮೊದಲೇ ಅಳೆಯಿರಿ. ಮಲೆನಾಡಿನಲ್ಲಿ ಮೇಲೆ ಸೂರು ಇಲ್ಲದಿದ್ದರೆ ಮಳೆನೀರು ಸೇರಿ ಹದಮಾಡಿದ ನೀರೆಲ್ಲ ತೆಳುವಾಗುತ್ತದೆ.

ಎರಡನೆಯ ಹೆಜ್ಜೆ: ವಿದ್ಯುತ್

ಸಣ್ಣ ಟಬ್‌ಗಳ ಹೀಟರ್ ಎರಡು ಕಿಲೋವಾಟ್ ಆಸುಪಾಸಿನದು. ದೊಡ್ಡವುಗಳಲ್ಲಿ ಹೀಟರ್ ಮತ್ತು ಪಂಪು ಸೇರಿ 32 ಆಂಪಿಯರ್ ಸಂಪರ್ಕ ಬೇಡುವುದು ಸಾಮಾನ್ಯ. ಮನೆಯ ಮುಖ್ಯ ವಿದ್ಯುತ್ ಪೆಟ್ಟಿಗೆಯಿಂದ (ಡಿಬಿ) ಟಬ್‌ಗೆಂದೇ ಪ್ರತ್ಯೇಕ ಲೈನ್ ಎಳೆಸಿ, ಅದಕ್ಕೆ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರುವಂತೆ ನೋಡಿಕೊಳ್ಳಿ. ನೀರಿನಲ್ಲಿ ಕುಳಿತ ದೇಹಕ್ಕೆ ಸೋರಿದ ವಿದ್ಯುತ್ತಿನಿಂದ ರಕ್ಷಣೆ ಕೊಡುವುದು ಇವೇ. ಇಲ್ಲಿ ಉಳಿತಾಯದ ಮಾತು ಸಲ್ಲದು. ತುರ್ತಾಗಿ ಆರಿಸುವ ಸ್ವಿಚ್ಚು ಟಬ್‌ನಿಂದ ಕಣ್ಣಿಗೆ ಕಾಣುವಂತಿರಬೇಕು, ಆದರೆ ಒಳಗೆ ಕುಳಿತವರ ಕೈಗೆ ಎಟುಕಬಾರದು. ಎಕ್ಸ್‌ಟೆನ್ಷನ್ ಬೋರ್ಡನ್ನು ಎಂದೂ ಬಳಸಬೇಡಿ. ಅಮೆರಿಕದಿಂದ ಮರಳುವಾಗ ಅಲ್ಲಿನ ಟಬ್ಬನ್ನೇ ಸಾಗಿಸಿ ತರುವ ಆಲೋಚನೆಯಿದ್ದವರು ಅಲ್ಲಿನ ವಿದ್ಯುತ್ 60 ಹರ್ಟ್ಜ್, ನಮ್ಮದು 50 ಹರ್ಟ್ಜ್ ಎಂಬುದನ್ನು ಗಮನಿಸಬೇಕು. ಪಂಪಿನ ಮೋಟಾರು ಇದನ್ನು ಅವಲಂಬಿಸಿರುವುದರಿಂದ 230 ವೋಲ್ಟ್, 50 ಹರ್ಟ್ಜ್ ಎಂದು ನಮೂದಿಸಿದ ಮಾದರಿಯನ್ನೇ ಕೊಳ್ಳಬೇಕು.

ಖರ್ಚಿನ ಅಂದಾಜನ್ನು ಮನೆಯಲ್ಲಿಯೇ ಮಾಡಬಹುದು. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು 1.16 ಯೂನಿಟ್ ಬೇಕು. 1200 ಲೀಟರನ್ನು 24 ಡಿಗ್ರಿಯಿಂದ 38ಕ್ಕೆ ಏರಿಸಲು ಸುಮಾರು 19.5 ಯೂನಿಟ್, ಮೂರು ಕಿಲೋವಾಟ್ ಹೀಟರ್‌ಗೆ ಆರೂವರೆ ಗಂಟೆಯ ಕೆಲಸ. ಇದು ನೀರು ತುಂಬಿಸಿದ ದಿನದ ಲೆಕ್ಕ. ಮುಂದಿನ ದಿನಗಳ ಖರ್ಚನ್ನು ನಿರ್ಧರಿಸುವುದು ಮುಚ್ಚಳ, ಏಕೆಂದರೆ ಶಾಖ ಹೆಚ್ಚಾಗಿ ನಷ್ಟವಾಗುವುದು ಮೇಲ್ಮೈಯಿಂದ ಏಳುವ ಆವಿಯ ಮೂಲಕ. ಸೋಲಾರ್ ವಾಟರ್ ಹೀಟರ್ ಇರುವ ಮನೆಯವರು ಅದರ ನೀರನ್ನು ತಣ್ಣೀರಿನೊಂದಿಗೆ ಬೆರೆಸಿ ತುಂಬಿಸಿದರೆ ಮೊದಲ ದಿನದ ವಿದ್ಯುತ್ತಿನಲ್ಲಿ ಬಹುಪಾಲು ಉಳಿಯುತ್ತದೆ. ಸೋಲಾರಿನ ಕಾದ ನೀರನ್ನೇ ನೇರವಾಗಿ ಬಿಟ್ಟರೆ ಟಬ್‌ನ ಸುರಕ್ಷಾ ಸಂವೇದಕ ಯಂತ್ರವನ್ನು ನಿಲ್ಲಿಸಿಬಿಡಬಹುದು.

ಮೂರನೆಯ ಹೆಜ್ಜೆ: ಆಯ್ಕೆ

ಗಾಳಿ ತುಂಬಿಸುವ ಪಿವಿಸಿ ಟಬ್ ಅಗ್ಗ, ಜಾಗ ಬದಲಿಸಲು ಸುಲಭ. ಆದರೆ ನಿಧಾನವಾಗಿ ಕಾಯುತ್ತದೆ, ಮತ್ತು ಹೆಚ್ಚಿನವುಗಳಲ್ಲಿ ಬರುವುದು ಗಾಳಿಯ ಗುಳ್ಳೆಗಳೇ ಹೊರತು ಮೈಯೊತ್ತುವ ನೀರಿನ ಧಾರೆಯಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಅಚ್ಚಿನ ಟಬ್ ಒರಟು ಬಳಕೆಯನ್ನು ತಾಳುತ್ತದೆ, ಹೋಮ್‌ಸ್ಟೇಗಳಿಗೆ ಒಪ್ಪುತ್ತದೆ. ಅಕ್ರಿಲಿಕ್ ಟಬ್‌ನಲ್ಲಿ ಆಸನಗಳ ರೂಪ, ಶಾಖ ಕಾಯುವ ನಿರೋಧಕ ಪದರ ಎರಡೂ ಚೆನ್ನಾಗಿರುತ್ತವೆ. ಅದನ್ನು ಕೊಳ್ಳುವಾಗ ಅಂಗಡಿಯಲ್ಲಿಯೇ ಒಳಗೆ ಇಳಿದು ಕುಳಿತು ನೋಡಿ. ನಿಮ್ಮ ಎತ್ತರಕ್ಕೆ ಆಸನ ಹೊಂದದಿದ್ದರೆ ನೀರು ತುಂಬಿದ ಮೇಲೆ ದೇಹ ತೇಲುತ್ತದೆ.

ಮಾರುವವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಬಿಡಿಭಾಗಗಳದು. ಪಂಪಿನ ಸೀಲ್, ಹೀಟರ್, ಸರ್ಕ್ಯೂಟ್ ಬೋರ್ಡ್ ಇವು ಎಷ್ಟು ದಿನದಲ್ಲಿ ಸಿಗುತ್ತವೆ, ನಿಮ್ಮ ಊರಿಗೆ ಬಂದು ಕೂರಿಸುವವರು ಯಾರು ಎಂಬುದನ್ನು ಬರೆಸಿಕೊಳ್ಳಿ. ಎರಡನೆಯದು ನೀರೆಳೆಯುವ ಬಾಯಿಗಳ ವಿಷಯ. 2002ರಲ್ಲಿ ಅಮೆರಿಕದಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲಕಿ ಹಾಟ್ ಟಬ್‌ನ ತಳದ ಬಾಯಿಯ ಸೆಳೆತಕ್ಕೆ ಸಿಕ್ಕಿ ಮೇಲೇಳಲಾಗದೆ ತೀರಿಕೊಂಡಳು. ಅವಳ ಹೆಸರಿನಲ್ಲಿಯೇ 2007ರಲ್ಲಿ ಅಲ್ಲಿ ಬಂದ ಕಾನೂನು, ಮೈ–ಕೂದಲು ಸೆಳೆಯದಂಥ ಮುಚ್ಚಿಗೆಗಳನ್ನು ಸಾರ್ವಜನಿಕ ಕೊಳ ಮತ್ತು ಸ್ಪಾಗಳಿಗೆ ಕಡ್ಡಾಯ ಮಾಡಿತು. ನೀವು ಕೊಳ್ಳುವ ಟಬ್‌ನಲ್ಲಿ ಒಂದಕ್ಕಿಂತ ಹೆಚ್ಚು ಎಳೆಬಾಯಿಗಳಿವೆಯೇ, ಅವುಗಳ ಮುಚ್ಚಿಗೆ ಉಬ್ಬಿದ ಆಕಾರದ್ದಾಗಿ ಭದ್ರವಾಗಿದೆಯೇ ಎಂದು ಕೈಯಿಟ್ಟು ನೋಡಿ. ಮುಂದೆ ಎಂದಾದರೂ ಮುಚ್ಚಿಗೆ ಒಡೆದರೆ ಅದನ್ನು ಬದಲಿಸುವವರೆಗೆ ಯಾರೂ ಇಳಿಯಬಾರದು. ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗ ಇರಲೇಬೇಕು.

ನಾಲ್ಕನೆಯ ಹೆಜ್ಜೆ: ನೀರಿನ ಹದ

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಇದು. ಬೆಚ್ಚಗಿನ ನೀರು ಸೂಕ್ಷ್ಮಜೀವಿಗಳಿಗೂ ಹಿತವಾದದ್ದೇ. ಆರೈಕೆ ತಪ್ಪಿದ ಟಬ್‌ನಿಂದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಮೈಮೇಲೆ ಗುಳ್ಳೆ ಎಬ್ಬಿಸುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಿಗೆ ತಗುಲಿದ ನ್ಯುಮೋನಿಯಾದಿಂದ ಬೆಳಕಿಗೆ ಬಂದ ಲೀಜನೆಲ್ಲಾ ಬ್ಯಾಕ್ಟೀರಿಯಾ ಕೂಡ ಬೆಚ್ಚಗಿನ ನೀರಿನಲ್ಲಿ ಬೆಳೆದು, ಜೆಟ್‌ಗಳು ಎಬ್ಬಿಸುವ ಸಣ್ಣ ಹನಿಗಳ ಮೂಲಕ ಶ್ವಾಸಕೋಶ ಸೇರಬಲ್ಲದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆಯಂತೆ ಹಾಟ್ ಟಬ್‌ನಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಮೂರು ಭಾಗ), ಅದರ ಬದಲು ಬ್ರೋಮಿನ್ ಬಳಸುವುದಾದರೆ ಕನಿಷ್ಠ 4 ಪಿಪಿಎಂ, ನೀರಿನ ಆಮ್ಲ–ಕ್ಷಾರಗಳ ಅಳತೆಯಾದ ಪಿಎಚ್ 7.0ರಿಂದ 7.8ರೊಳಗೆ ಇರಬೇಕು. ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ನೀರಿಗೆ ಅದ್ದಿದರೆ ಇವೆಲ್ಲ ಅರ್ಧ ನಿಮಿಷದಲ್ಲಿ ತಿಳಿಯುತ್ತವೆ. ಪ್ರತಿ ಬಾರಿ ಇಳಿಯುವ ಮುನ್ನ ಈ ಪರೀಕ್ಷೆ ಆಗಲೇಬೇಕು.

ಹೊಸ ನೀರು ತುಂಬಿಸಿದಾಗ ಮೊದಲು ಕ್ಷಾರೀಯತೆಯನ್ನು, ಅಂದರೆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಗುಣವನ್ನು, 80ರಿಂದ 120 ಪಿಪಿಎಂಗೆ ತನ್ನಿ. ಕಡಿಮೆಯಿದ್ದರೆ ನಮ್ಮ ಅಡುಗೆ ಸೋಡಾ ಸಾಕು. ಆಮೇಲೆ ಪಿಎಚ್ ಸರಿಪಡಿಸಿ. ಜೆಟ್‌ಗಳ ಗಾಳಿಯಿಂದ ಅದು ಏರುತ್ತಲೇ ಇರುವುದರಿಂದ ಇಳಿಸಲು ಸೋಡಿಯಂ ಬೈಸಲ್ಫೇಟ್ ಬೇಕಾಗುತ್ತದೆ. ಕ್ಲೋರಿನ್ ಹಾಕುವುದು ಕೊನೆಯಲ್ಲಿ. ಹಾಟ್ ಟಬ್‌ಗೆ ಒಪ್ಪುವುದು ಡೈಕ್ಲೋರ್ ಹರಳುಗಳು. ಸಾವಿರ ಲೀಟರಿಗೆ 10 ಗ್ರಾಂ ಹಾಕಿದರೆ ಸುಮಾರು 5.5 ಪಿಪಿಎಂ ಏರುತ್ತದೆ. ಈಜುಕೊಳದ ಟ್ರೈಕ್ಲೋರ್ ಬಿಲ್ಲೆಗಳು ಅತಿ ಆಮ್ಲೀಯವಾದ್ದರಿಂದ ಬೇಡ. ಸಂಪಿಗೆ ಹಾಕಲೆಂದು ಮನೆಯಲ್ಲಿಟ್ಟ ಬ್ಲೀಚಿಂಗ್ ಪುಡಿಯೂ ಬೇಡ, ಅದು ನೀರಿಗೆ ಸುಣ್ಣದಂಶ ಸೇರಿಸುತ್ತದೆ. ಎರಡು ಬಗೆಯ ಕ್ಲೋರಿನ್ ಪುಡಿಗಳು ಒಂದೇ ಚಮಚದಲ್ಲಿ, ಒಂದೇ ಡಬ್ಬಿಯಲ್ಲಿ ಬೆರೆತರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಪ್ರತಿಯೊಂದಕ್ಕೂ ಬೇರೆ ಒಣ ಚಮಚ ಇಡಿ. ಯಾವುದನ್ನು ಹಾಕಿದರೂ ಜೆಟ್ ಓಡಿಸಿ ಇಪ್ಪತ್ತು ನಿಮಿಷ ಮುಚ್ಚಳ ತೆರೆದಿಡಿ.

ನಮ್ಮ ಊರುಗಳಿಗೆ ವಿಶೇಷವಾದ ತೊಂದರೆ ಬೋರ್‌ವೆಲ್ಲಿನ ಗಡಸು ನೀರು. ಗೀಸರ್ ಕಾಯಿಲ್ ಮೇಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ಟಬ್‌ನ ಹೀಟರನ್ನೂ ಹಾಳುಮಾಡುತ್ತದೆ. ಟಬ್‌ಗೆ ಹಿತವಾದ ಕ್ಯಾಲ್ಸಿಯಂ ಗಡಸುತನ 150ರಿಂದ 250 ಪಿಪಿಎಂ. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದದ್ದರಿಂದ ಹಲವರ ಮನೆಯಲ್ಲಿ ಮೃದುವಾದ ನೀರು ಸಂಪಿನಲ್ಲಿಯೇ ಇದೆ. ಅದನ್ನು ಸೋಸಿ ಬೋರ್‌ವೆಲ್ ನೀರಿನೊಂದಿಗೆ ಬೆರೆಸುವುದು ಅತ್ಯುತ್ತಮ ಉಪಾಯ. 2024ರ ಮಾರ್ಚ್‌ನ ಬರದಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು ಎಂಬುದನ್ನು ನೆನೆದರೆ ಮಳೆನೀರಿನ ಬೆಲೆ ಇನ್ನಷ್ಟು ತಿಳಿಯುತ್ತದೆ.

ನೀರನ್ನು ಕೆಡಿಸುವ ಇನ್ನೊಂದು ವಸ್ತು ಎಣ್ಣೆ. ದೀಪಾವಳಿಯ ಅಭ್ಯಂಜನವಾಗಲಿ, ದಿನನಿತ್ಯ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯಾಗಲಿ, ಸೀಗೆಕಾಯಿ ಹಾಕಿ ಪೂರ್ತಿ ತೊಳೆದುಕೊಂಡ ಮೇಲೆಯೇ ಟಬ್‌ಗೆ ಇಳಿಯಬೇಕು. ಇಲ್ಲವಾದರೆ ನೀರಿನ ಅಂಚಿನಲ್ಲಿ ಜಿಡ್ಡು ಕಟ್ಟಿ, ಫಿಲ್ಟರಿನ ಮಡಿಕೆಗಳು ಮುಚ್ಚಿಹೋಗಿ, ಹಾಕಿದ ಕ್ಲೋರಿನ್ನೆಲ್ಲ ಅದರಲ್ಲಿಯೇ ಖರ್ಚಾಗುತ್ತದೆ. ಬಟ್ಟೆಯಲ್ಲುಳಿದ ಸೋಪಿನಿಂದ ನೊರೆಯೇಳುವುದೂ ಹೀಗೆಯೇ.

ಫಿಲ್ಟರನ್ನು ವಾರಕ್ಕೊಮ್ಮೆ ನೀರಿನ ರಭಸದಲ್ಲಿ ತೊಳೆದು, ತಿಂಗಳಿಗೊಮ್ಮೆ ಫಿಲ್ಟರ್ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಎರಡು ಫಿಲ್ಟರ್ ಇಟ್ಟುಕೊಂಡರೆ ಒಂದು ನೆನೆಯುವಾಗ ಇನ್ನೊಂದು ಕೆಲಸ ಮಾಡುತ್ತದೆ. ಬಹಳ ಹೊತ್ತು ಕರೆಂಟ್ ಹೋಗಿದ್ದರೆ, ಬಂದೊಡನೆ ಪರೀಕ್ಷಿಸಿ ಕ್ಲೋರಿನ್ ಸರಿಪಡಿಸುವವರೆಗೆ ಇಳಿಯಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಪಂಪಿನ ಶಾಖದಿಂದಲೇ ನೀರು ಬೇಕಾದುದಕ್ಕಿಂತ ಹೆಚ್ಚು ಕಾಯುವುದುಂಟು. ಆಗ ಫಿಲ್ಟರ್ ಓಡುವ ಅವಧಿಯನ್ನು ಕಡಿಮೆ ಮಾಡಬೇಕು. ಏನೇ ಆದರೂ 40 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಒಮ್ಮೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ. ಗರ್ಭಿಣಿಯರು, ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಲೇಬಾರದು. ಮದ್ಯ ಸೇವಿಸಿದವರಿಗೆ ಟಬ್ ಅಪಾಯಕರ.

ಕೊನೆಯ ಹೆಜ್ಜೆ: ನೀರು ಬದಲಿಸುವುದು

ಲೀಟರುಗಳ ಸಂಖ್ಯೆಯನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವ ಜನರ ಸಂಖ್ಯೆಯಿಂದ ಭಾಗಿಸಿದರೆ ನೀರು ಎಷ್ಟು ದಿನ ಬಾಳುತ್ತದೆ ಎಂಬ ಅಂದಾಜು ಸಿಗುತ್ತದೆ. 1200 ಲೀಟರಿಗೆ, ದಿನವೂ ಇಬ್ಬರಾದರೆ ಸುಮಾರು 54 ದಿನ. ಬರಿದು ಮಾಡುವ ಹಿಂದಿನ ದಿನ ಪೈಪ್ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿದರೆ ಕೊಳವೆಗಳೊಳಗೆ ಅಂಟಿದ ಲೋಳೆ ಕಿತ್ತುಬರುತ್ತದೆ. ಕಾರ್ಖಾನೆಯಲ್ಲಿ ನೀರು ಹಾಯಿಸಿ ಪರೀಕ್ಷಿಸಿದ ಹೊಸ ಟಬ್‌ಗೂ ಮೊದಲ ಬಳಕೆಗೆ ಮುನ್ನ ಇದನ್ನು ಮಾಡುವುದು ಒಳಿತು. ಈ ದ್ರಾವಣ ಬೆರೆತ ನೀರು ಮೋರಿಗೇ ಹೋಗಬೇಕು. ದ್ರಾವಣ ಬಳಸದ ಸಲ, ಎರಡು ಮೂರು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಮುಚ್ಚಳ ತೆರೆದಿಟ್ಟು, ಪರೀಕ್ಷಾ ಪಟ್ಟಿ ಸೊನ್ನೆ ತೋರಿಸಿದ ಮೇಲೆ ಆ ನೀರನ್ನು ತೆಂಗು, ಬಾಳೆಗಳ ಬುಡಕ್ಕೆ ಬಿಡಬಹುದು. ಬ್ರೋಮಿನ್ ಬಳಸಿದ ನೀರನ್ನು ಗಿಡಗಳಿಗೆ ಹಾಕಬೇಡಿ. ಖಾಲಿ ಅಕ್ರಿಲಿಕ್ ಟಬ್ಬನ್ನು ಬಿಸಿಲಿಗೆ ತೆರೆದಿಟ್ಟರೆ ಮೇಲ್ಮೈ ಹಾಳಾಗುವುದರಿಂದ, ಒರೆಸಿದ ಕೂಡಲೇ ಮರಳಿ ತುಂಬಿಸಿ. ಹಾಗೆ ತುಂಬಿಸುವಾಗ ನೀರಿನ ಪೈಪನ್ನು ಫಿಲ್ಟರ್ ಕೂರುವ ಗೂಡಿನೊಳಕ್ಕೇ ಇಳಿಸಿದರೆ ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.